ಬಿಡುವು ಮರೆತ ಕೈ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಶಾಲೆಯ ಮಕ್ಕಳು ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಹದಿನೇಳು ವರ್ಷ ಒಂದೇ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳಿಗೆ ಅಷ್ಟಾದರೂ ಕೋಪ ಬೇಡವೇ? ಆದರೆ ಆ ವರ್ಷ ಟೀ ಅಂಗಡಿ ಕರಿಬಸಪ್ಪನ ಮಗಳು ಭಾಗೀರಥಿಯ ಕೈಗೆ ನಾನು ಮಾಡಿದ್ದು ಕೋಪದಿಂದಲೋ ಅಕ್ಕರೆಯಿಂದಲೋ ಎಂದು ಕೇಳಿದರೆ ಇವತ್ತಿಗೂ ನನಗೆ ಉತ್ತರ ಹೊಳೆಯುವುದಿಲ್ಲ. ಆದದ್ದನ್ನು ಆದ ಹಾಗೇ ಹೇಳುತ್ತೇನೆ, ನೀವೇ ನೋಡಿ.

ನಮ್ಮೂರಿನಲ್ಲಿ ಕೈ ಬಿಟ್ಟ ವಸ್ತುವಿಗೆ ಮೂರೆಣಿಕೆಯ ಬಿಡುವು ಇದೆ. ಲೋಟ ಬಿಟ್ಟರೆ ಲೋಟ ಬಿಟ್ಟ ಜಾಗದಲ್ಲೇ ಗಾಳಿಯಲ್ಲಿ ನಿಲ್ಲುತ್ತದೆ. ಒಂದು, ಎರಡು, ಮೂರು ಎಂದು ಎಣಿಸಿದ ಮೇಲೆ ಬೀಳುತ್ತದೆ. ಅಷ್ಟರಲ್ಲಿ ಹಿಡಿದುಕೊಳ್ಳಬೇಕು, ಎಲ್ಲರೂ ಹಿಡಿದುಕೊಳ್ಳುತ್ತಾರೆ. ಮನುಷ್ಯರಿಗೆ ಈ ಸವಲತ್ತಿಲ್ಲ. ಕಾಲು ಜಾರಿದವರು ಎಲ್ಲ ಊರಿನವರ ಹಾಗೆಯೇ ದೊಪ್ಪನೆ ಬೀಳುತ್ತಾರೆ. ಕೈಯಿಂದ ಬಿಟ್ಟದ್ದಕ್ಕೆ ಮಾತ್ರ ಬಿಡುವು. ಹಾಗಾಗಿ ಅಡುಗೆ ಮಾಡುವವಳು ಸೌಟನ್ನು ಗಾಳಿಯಲ್ಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಮತ್ತೆ ಸೌಟು ಹಿಡಿಯುತ್ತಾಳೆ. ಗಾರೆಯವನು ಕರಣೆಯನ್ನು ಗಾಳಿಯಲ್ಲಿ ಬಿಟ್ಟು ಬೀಡಿ ಹಚ್ಚುತ್ತಾನೆ. ಯಾರಿಗಾದರೂ ಏನಾದರೂ ಕೊಡಬೇಕೆಂದರೆ ಅವರ ಮುಂದೆ ಬಿಡುವುದು, ಅವರು ಗಾಳಿಯಿಂದ ತೆಗೆದುಕೊಳ್ಳುವುದು, ಇದು ನಮ್ಮಲ್ಲಿ ಮರ್ಯಾದೆ. ಕೈಯಿಂದ ಕೈಗೆ ತುರುಕಿದರೆ "ಯಾಕೆ, ನನ್ ಮೇಲೆ ನಂಬಿಕೆ ಇಲ್ವಾ?" ಎಂದು ಮುಖ ಊದಿಸಿಕೊಳ್ಳುತ್ತಾರೆ. ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿ ಶಾಲೆ ಶುರುವಾದಾಗ ತಂದ ಫ್ಲಾಸ್ಕು, ಬೀಕರು, ಪ್ರನಾಳಗಳೆಲ್ಲ ಹಾಗೇ ಇವೆ. ಹೆಚ್ಚಿನವುಗಳ ಅಳತೆಯ ಗೆರೆಗಳು ಅಳಿಸಿಹೋಗಿವೆಯೇ ಹೊರತು ಒಂದೂ ಒಡೆದಿಲ್ಲ.

ಹೊಳೆಯ ಸೇತುವೆ ದಾಟಿದರೆ ಬಿಡುವಿಲ್ಲ. ಅಲ್ಲಿ ಬಿಟ್ಟದ್ದು ಬಿಟ್ಟ ತಕ್ಷಣ ಬೀಳುತ್ತದೆ. ಅದಕ್ಕೇ ನಮ್ಮವರು ಮಕ್ಕಳನ್ನು ಹದಿನಾರು ತುಂಬುವ ತನಕ ಸೇತುವೆ ದಾಟಿಸುವುದಿಲ್ಲ. ಆದರೆ ಹತ್ತನೇ ತರಗತಿಯ ಪ್ರಾಯೋಗಿಕ ಪರೀಕ್ಷೆಯ ಕೇಂದ್ರ ಇರುವುದು ಸೇತುವೆಯಾಚೆ. ಅಲ್ಲೇ ನಮ್ಮ ಕಷ್ಟ ಶುರುವಾಗುವುದು.

ಹಿಂದಿನ ವರ್ಷ ಚಂದ್ರಹಾಸ ಎಂಬ ಹುಡುಗ ಆ ಕೇಂದ್ರದಲ್ಲಿ ಆಮ್ಲದ ಬಾಟಲಿಯನ್ನು ಗಾಳಿಯಲ್ಲಿ ಬಿಟ್ಟು ಪೆನ್ನು ತೆಗೆಯಲು ಜೇಬಿಗೆ ಕೈ ಹಾಕಿದ. ಬಲಗಾಲಿನ ಎರಡು ಬೆರಳು ಸುಟ್ಟವು. ಹಿಂದಿನ ದಿನವಷ್ಟೇ ಅದೇ ಹುಡುಗ ಬರಹದ ಪರೀಕ್ಷೆಯಲ್ಲಿ ಮುಕ್ತ ಪತನದ ಬಗ್ಗೆ ಎರಡು ಪುಟ ಬರೆದಿದ್ದ, ಒಂದು ತಪ್ಪಿಲ್ಲದೆ. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ, "ಗೊತ್ತಿತ್ತು ಮಿಸ್, ನಂಗೆ ಗೊತ್ತಿತ್ತು," ಎಂದು ಅತ್ತ. ಅವನಿಗೆ ಗೊತ್ತಿತ್ತು, ಅವನ ಕೈಗೆ ಗೊತ್ತಿರಲಿಲ್ಲ. ಹದಿನೇಳು ವರ್ಷದಿಂದ ನಾನು ಕಲಿಸಿದ್ದು ಬರೀ ಬಾಯಿಗೆ.

ಈ ಸಲ ಡಿಸೆಂಬರಿನಲ್ಲಿ ಕೇಂದ್ರದಿಂದ ಪತ್ರ ಬಂತು. ಇನ್ನೊಂದು ಗಾಜಿನ ಪಾತ್ರೆ ಒಡೆದರೂ ನಮ್ಮ ಶಾಲೆಯ ಅಷ್ಟೂ ಮಕ್ಕಳ ಪ್ರಾಯೋಗಿಕ ಪರೀಕ್ಷೆ ರದ್ದು. ಇಪ್ಪತ್ತಮೂರು ಮಕ್ಕಳು. ಹೆಡ್‌ಮಾಸ್ಟರ್ ಆರಾಧ್ಯರು ಪತ್ರವನ್ನು ಎರಡು ಸಲ ಓದಿ, ಕನ್ನಡಕವನ್ನು ಗಾಳಿಯಲ್ಲಿ ಬಿಟ್ಟು ಕಣ್ಣುಜ್ಜಿಕೊಂಡು, ಮತ್ತೆ ಹಾಕಿಕೊಂಡರು.

"ಅಂಬುಜಾಕ್ಷಿ ಮೇಡಂ, ಬೇರೆ ಮಕ್ಕಳನ್ನ ಹೆಂಗೋ ತಿದ್ದಬಹುದು. ಆ ಟೀ ಅಂಗಡಿ ಹುಡುಗೀದೇ ಭಯ ನಂಗೆ. ಅವಳಿಗೆ ಹುಷಾರಿಲ್ಲ ಅಂತ ಒಂದು ಚೀಟಿ ಬರೆಸಿ, ಆಬ್ಸೆಂಟ್ ಹಾಕ್ಬಿಡೋಣ. ಒಬ್ಬಳಿಗೋಸ್ಕರ ಇಪ್ಪತ್ತೆರಡು ಜನ ಯಾಕೆ ಹಾಳಾಗ್ಬೇಕು?"

ಅವರ ಭಯ ಸುಳ್ಳಾಗಿರಲಿಲ್ಲ. ಭಾಗೀರಥಿಯ ಕೈಯನ್ನು ನೋಡಲೆಂದೇ ಬಸ್ ಸ್ಟ್ಯಾಂಡಿನ ಎದುರಿನ ಆ ಅಂಗಡಿಗೆ ಜನ ಬರುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅವಳು ಅಪ್ಪನ ಜೊತೆ ನಿಂತಳೆಂದರೆ ಒಂದೇ ಹೊತ್ತಿಗೆ ಗಾಳಿಯಲ್ಲಿ ಐದು ಲೋಟ ಇರುತ್ತಿದ್ದವು. ಒಂದಕ್ಕೆ ಟೀ ಸುರಿದು ಬಿಡುವಳು, ಇನ್ನೊಂದಕ್ಕೆ ಹಾಲು, ಮೊದಲನೆಯದನ್ನು ಮೂರು ಎಣಿಸುವಷ್ಟರಲ್ಲಿ ಬೆರಳ ತುದಿಯಿಂದ ಮುಟ್ಟಿ ಮತ್ತೆ ಬಿಡುವಳು, ಮೂರನೆಯದನ್ನು ಗಿರಾಕಿಯ ಮೂಗಿನ ಮುಂದೆ ನಿಲ್ಲಿಸುವಳು. ಕರಿಬಸಪ್ಪ ಸ್ಟೌ ಹತ್ತಿರ ನಿಂತು, "ನಮ್ ಭಾಗಿ ಕೈ ನೋಡ್ರಪ್ಪಾ!" ಎಂದು ಹಿಗ್ಗುತ್ತಿದ್ದ. ಅವನ ಹೆಂಡತಿ ತೀರಿಕೊಂಡ ಮೇಲೆ ಅವನಿಗಿದ್ದ ಹಿಗ್ಗು ಅದೊಂದೇ.

ಆದರೆ ನನ್ನ ತರಗತಿಯಲ್ಲಿ ಅವಳಷ್ಟು ಪ್ರಶ್ನೆ ಕೇಳುವವರು ಇನ್ನೊಬ್ಬರಿರಲಿಲ್ಲ. ಲಿಟ್ಮಸ್ ಕಾಗದ ಕೊಟ್ಟರೆ ಹುಣಸೆಹಣ್ಣು, ಸೀಗೆಪುಡಿ, ತನ್ನ ಎಂಜಲು, ಕೊನೆಗೆ ಹೆಡ್‌ಮಾಸ್ಟರ ಕಾಫಿಯ ತಳವನ್ನೂ ಪರೀಕ್ಷೆ ಮಾಡಿ ಪಟ್ಟಿ ಬರೆದುಕೊಂಡು ಬರುವಳು. ಮುಂದೆ ವಿಜ್ಞಾನವನ್ನೇ ಓದಬೇಕೆಂದು ಹಟ ಹಿಡಿದಿದ್ದಳು. ಪ್ರಾಯೋಗಿಕ ಪರೀಕ್ಷೆಗೆ ಆಬ್ಸೆಂಟ್ ಆದರೆ ಆ ದಾರಿ ಅಲ್ಲಿಗೇ ಮುಚ್ಚಿತು.

"ಆಬ್ಸೆಂಟ್ ಗೀಬ್ಸೆಂಟ್ ಏನೂ ಬೇಡ ಸಾರ್. ನಾನು ಅವಳ ಕೈ ತಿದ್ತೀನಿ," ಎಂದೆ, ಸ್ವಲ್ಪ ಜೋರಾಗಿಯೇ.

ಆರಾಧ್ಯರು ನಿಟ್ಟುಸಿರು ಬಿಟ್ಟರು. "ಆಯ್ತು. ಪರೀಕ್ಷೆಗೆ ಮೂರು ದಿನ ಮೊದಲು, ಸೋಮವಾರ, ಸೇತುವೆಯಾಚೆ ನಾನೇ ಬಂದು ನೋಡ್ತೀನಿ. ಅವಳ ಕೈ ಒಂದೇ ಒಂದು ಸಲ ಬಿಟ್ಟರೂ ಚೀಟಿ ಬರೆಸೋದೇ. ಆಮೇಲೆ ನನ್ ಹತ್ರ ರೇಗಾಡಬಾರದು."

ಜನವರಿ ಮೊದಲ ವಾರ ಹತ್ತನೇ ತರಗತಿಗೆ ನಾನು ಒಂದು ಕಟ್ಟಳೆ ಹಾಕಿದೆ. ಇನ್ನು ಮೇಲೆ ಯಾರೂ ಏನನ್ನೂ ಗಾಳಿಯಲ್ಲಿ ಬಿಡಕೂಡದು. ಪೆನ್ನಾದರೂ ಸರಿ, ಪುಸ್ತಕವಾದರೂ ಸರಿ, ಮೊದಲು ಮೇಜಿನ ಮೇಲೆ ಇಡಬೇಕು, ತಳ ಮುಟ್ಟಿದೆಯೋ ಇಲ್ಲವೋ ನೋಡಬೇಕು, ಆಮೇಲೆ ಬೆರಳು ತೆಗೆಯಬೇಕು. ಕೊಡುವಾಗ ಕೈಯಿಂದ ಕೈಗೇ ಕೊಡಬೇಕು. ಎರಡೇ ದಿನಕ್ಕೆ ಊರೆಲ್ಲ ಗುಲ್ಲೆದ್ದಿತು. ಅಜ್ಜಿಗೆ ಎಲೆಯಡಿಕೆ ತಟ್ಟೆಯನ್ನು ಕೈಗೇ ಕೊಟ್ಟ ಮೊಮ್ಮಗ ಬೈಸಿಕೊಂಡ. ಒಬ್ಬ ತಾಯಿ ಶಾಲೆಯ ಬಾಗಿಲಿಗೇ ಬಂದಳು. "ಏನ್ ಮಿಸ್ಸೇ, ನನ್ ಮಗಳು ಒಗ್ಗರಣೆ ಹಾಕುವಾಗ ಸೌಟು ಇಡೋಕೆ ಜಾಗ ಹುಡುಕ್ತಾ ನಿಂತ್ಕೋತಾಳೆ, ಅಷ್ಟರಲ್ಲಿ ಸಾಸಿವೆ ಸೀದು ಕರ್ರಗಾಗುತ್ತೆ. ಇದೂ ಒಂದು ವಿಜ್ಞಾನವಾ?" ನಾನು, "ಹೌದಮ್ಮ, ಇದೇ ವಿಜ್ಞಾನ. ಸಾಸಿವೆ ಸೀದರೆ ಸೀಯಲಿ, ಮಗಳ ಕಾಲು ಸುಡದೇ ಇರಲಿ," ಎಂದೆ. ಚಂದ್ರಹಾಸನ ಕಾಲು ಊರಿಗೆಲ್ಲ ಗೊತ್ತಿತ್ತು. ಅವಳು ಬಂದ ದಾರಿಯಲ್ಲೇ ಹಿಂದಿರುಗಿದಳು.

ಅದೇ ಧೈರ್ಯದ ಮೇಲೆ ಅಪ್ಪ ಅಮ್ಮಂದಿರಿಂದ ಒಪ್ಪಿಗೆ ಬರೆಸಿಕೊಂಡು ಭಾನುವಾರಗಳಂದು ಮಕ್ಕಳನ್ನು ಸೇತುವೆಯಾಚೆ ಕರೆದುಕೊಂಡು ಹೋದೆ. ಅಲ್ಲೊಂದು ಹಳೇ ಸುಂಕದ ಕಟ್ಟೆ ಇದೆ. ಒಂದು ಬುಟ್ಟಿ ಕೋಳಿಮೊಟ್ಟೆ ಒಯ್ದಿದ್ದೆ. ಮೊಟ್ಟೆ ಕೈಯಲ್ಲಿ ಹಿಡಿದು ಬೇರೆ ಕೆಲಸ ಮಾಡಬೇಕು: ಗುಂಡಿ ಹಾಕಿಕೊಳ್ಳಬೇಕು, ಪುಟ ತಿರುಗಿಸಬೇಕು. ಮೊದಲ ಮೊಟ್ಟೆ ಯಾರದೋ ಕೈಯಿಂದ ಬಿತ್ತು. ಬಿಡುವಿಲ್ಲದೆ ಬೀಳುವುದನ್ನು ಆ ಮಕ್ಕಳು ಹುಟ್ಟಿದ ಮೇಲೆ ನೋಡಿರಲಿಲ್ಲ. ಪಚಕ್ ಎಂದದ್ದೇ ತಡ, ಇಬ್ಬರು ಹುಡುಗಿಯರು ಕಿಟಾರನೆ ಕಿರುಚಿದರು, ಒಬ್ಬ ಹುಡುಗ ಅಳುವುದಕ್ಕೇ ಶುರು ಮಾಡಿದ. ಇನ್ನೊಬ್ಬ ನೆಲದ ಮೇಲಿನ ಲೋಳೆಯನ್ನು ಬಗ್ಗಿ ನೋಡಿ, "ಮಿಸ್, ಇದು ಎಣಿಸೋದೇ ಇಲ್ವಲ್ಲ ಮಿಸ್!" ಎಂದ. ನನಗೆ ನಗು ಬಂತು, ಜೊತೆಗೇ ಚಂದ್ರಹಾಸನ ನೆನಪಾಗಿ ಕಣ್ಣಲ್ಲಿ ನೀರೂ ಬಂತು.

ಎರಡನೇ ಭಾನುವಾರದ ಹೊತ್ತಿಗೆ ಹದಿನೈದು ಮಕ್ಕಳು ಪಳಗಿದರು. ನಾಲ್ಕನೆಯದರ ಹೊತ್ತಿಗೆ ಇಪ್ಪತ್ತೆರಡು. ಭಾಗೀರಥಿ ಮಾತ್ರ ಪ್ರತಿ ಸಲವೂ ಬಿಡುತ್ತಿದ್ದಳು. ಅವಳು ಶ್ರದ್ಧೆಯಿಲ್ಲದೆ ಬಿಡುತ್ತಿರಲಿಲ್ಲ. ಹಲ್ಲು ಕಚ್ಚಿ, ಹಣೆ ಗಂಟಿಕ್ಕಿ, "ಬಿಡಲ್ಲ ಬಿಡಲ್ಲ" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಇರುವಳು. ಎರಡನೇ ಕೈಗೆ ಕೆಲಸ ಬಂದ ಕೂಡಲೇ ಮೊದಲನೆಯದು ತಾನಾಗಿ ಬಿಚ್ಚಿಕೊಳ್ಳುವುದು. ಒಂದೇ ದಿನ ಒಂಬತ್ತು ಮೊಟ್ಟೆ ಒಡೆದಳು. ಒಂಬತ್ತನೆಯದಾದ ಮೇಲೆ ತನ್ನ ಬಲಗೈ ಮೇಲೆ ಎಡಗೈಯಿಂದ ಪಟಪಟ ಹೊಡೆದುಕೊಂಡಳು. "ಇದು ನನ್ ಮಾತು ಕೇಳಲ್ಲ ಮಿಸ್."

ನಾನು ಕರಿಬಸಪ್ಪನ ಹತ್ತಿರ ಹೋಗಿ, ಒಂದು ತಿಂಗಳು ಅವಳನ್ನು ಅಂಗಡಿಗೆ ನಿಲ್ಲಿಸಬೇಡಿ ಎಂದು ಕೇಳಿಕೊಂಡೆ. ಅವನು ಟೀ ಸೋಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ.

"ಟೀಚರಮ್ಮ, ಅಂಗ್ಡಿಗೆ ನಿಲ್ಸಬೇಡಿ ಅಂದ್ರೆ ನಿಲ್ಸಲ್ಲ. ನಾನೊಬ್ನೇ ಸುಧಾರಿಸ್ಕೋತೀನಿ. ಆದ್ರೆ ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆ ಕೈಯಲ್ಲಿ ಇರೋದು ಅವಳಮ್ಮನ ಕೈ. ಅವಳೂ ಹಂಗೇ ಬಿಡ್ತಿದ್ಲು, ಹಂಗೇ ಹಿಡೀತಿದ್ಲು. ಅದನ್ನ ಪೂರ್ತಿ ಅಳಿಸ್ಬಿಡ್ತೀರಾ?"

"ಅಳಿಸೋದೇನಿಲ್ಲ ಕರಿಬಸಪ್ಪ. ಪರೀಕ್ಷೆ ದಿನಕ್ಕೆ ಮಾತ್ರ ಮರೆತರೆ ಸಾಕು."

"ಅವತ್ತಿಗೆ ಮಾತ್ರ ಮರೆಯೋಕೆ ಬರುತ್ತಾ?" ಎಂದ. ನಾನು ಬರುತ್ತೆ ಎಂದೆ. ನನಗೆ ಗೊತ್ತಿರಲಿಲ್ಲ, ಆದರೂ ಅಂದೆ.

ಹೆಡ್‌ಮಾಸ್ಟರು ನೋಡಲು ಬರುವ ಸೋಮವಾರದ ಹಿಂದಿನ ದಿನ, ಕೊನೆಯ ಭಾನುವಾರ. ಉಳಿದ ಮಕ್ಕಳನ್ನು ಬೇಗ ಕಳಿಸಿ ಭಾಗೀರಥಿಯನ್ನು ಸುಂಕದ ಕಟ್ಟೆಯ ಬಳಿ ಉಳಿಸಿಕೊಂಡೆ. ಮೂರು ಮೊಟ್ಟೆ ಉಳಿದಿದ್ದವು, ಮೂರನ್ನೂ ಬಿಟ್ಟಳು. ನನಗೆ ತಲೆ ಚಿಟ್ಟು ಹಿಡಿಯಿತು. ನಾಳೆ ಆರಾಧ್ಯರು ಬರುತ್ತಾರೆ, ಚೀಟಿ ಬರೆಸುತ್ತಾರೆ, ಇವಳು ವರ್ಷವಿಡೀ ಕೇಳಿದ ಪ್ರಶ್ನೆಗಳೆಲ್ಲ ಲೋಟ ತೊಳೆದ ನೀರಿನ ಜೊತೆ ಹರಿದು ಹೋಗುತ್ತವೆ. ಬಾಯಿಗೆ ಬಂದಂತೆ ಬೈದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು.

ಮಕ್ಕಳಿಗೆಂದು ಕರಿಬಸಪ್ಪನೇ ಥರ್ಮಾಸಿನಲ್ಲಿ ಟೀ ತುಂಬಿಸಿ ಕಳಿಸಿದ್ದ. ಅದರಲ್ಲಿ ಇನ್ನೂ ಅರ್ಧ ಇತ್ತು. ನಾನು ಗಾಜಿನ ಲೋಟಕ್ಕೆ ಹೊಗೆಯಾಡುವ ಟೀ ಬಗ್ಗಿಸಿ ಅವಳ ಬಲಗೈಗೆ ಕೊಟ್ಟೆ. ನನ್ನ ಎಡಗಾಲಿನ ಚಪ್ಪಲಿ ಬಿಟ್ಟೆ. ಬರಿಗಾಲನ್ನು ಆ ಲೋಟದ ನೇರ ಕೆಳಗೆ ಇಟ್ಟೆ.

"ಮಿಸ್, ಬೇಡ ಮಿಸ್."

"ಹಿಡ್ಕೋ. ಮೊಟ್ಟೆ ಆದ್ರೆ ನಿನ್ ಕೈಗೆ ಅರ್ಥ ಆಗಲ್ಲ. ಇದಾದ್ರೂ ಆಗುತ್ತಾ ನೋಡೋಣ. ಈಗ ಎಡಗೈಯಲ್ಲಿ ಜಡೆ ಹಿಂದಕ್ಕೆ ಹಾಕ್ಕೋ."

ಹಾಕಿಕೊಂಡಳು. ಲೋಟ ನಡುಗಿತು, ಬೀಳಲಿಲ್ಲ.

"ಪುಸ್ತಕ ತೆಗಿ. ಪುಟ ತಿರುಗಿಸು."

ತಿರುಗಿಸಿದಳು. ಅವಳ ಕಣ್ಣು ನನ್ನ ಕಾಲು ಬಿಟ್ಟು ಕದಲಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಆಯಿತು, ಗೆದ್ದೆವು ಎಂದುಕೊಂಡೆ. ಅಲ್ಲಿಗೇ ನಿಲ್ಲಿಸಬೇಕಿತ್ತು.

"ಪೆನ್ನಿನ ಮುಚ್ಚಳ ತೆಗೆದು ಬರಿ."

ಮುಚ್ಚಳಕ್ಕೆ ಎರಡು ಕೈ ಬೇಕು. ಬಲಗೈ ಬಿಚ್ಚಿಕೊಂಡಿತು. ನೋವು ನನಗೆ ಮೊದಲು ಗೊತ್ತಾಗಲಿಲ್ಲ. ಲೋಟ ಕಲ್ಲಿಗೆ ಬಡಿದು ಚೂರಾದ ಸದ್ದು ಕೇಳಿಸಿತು, ಆಮೇಲೆ ಬೆಂಕಿ ಇಟ್ಟ ಹಾಗಾಯಿತು. "ಅಯ್ಯಪ್ಪಾ!" ಎಂದು ಕಟ್ಟೆಯ ಮೇಲೆ ಕುಸಿದೆ. ಪಾದದ ಮೇಲಿನ ಚರ್ಮ ನೋಡನೋಡುತ್ತಲೇ ಕೆಂಪಾಗಿ ಊದಿಕೊಂಡಿತು. ಭಾಗೀರಥಿ ಅಳಲಿಲ್ಲ. ಹೊಳೆಗೆ ಓಡಿಹೋಗಿ ದಾವಣಿ ತುದಿ ಒದ್ದೆ ಮಾಡಿಕೊಂಡು ಬಂದು ನನ್ನ ಕಾಲಿಗೆ ಸುತ್ತಿದಳು. ಸುತ್ತುವಾಗ ಅವಳ ಬಲಗೈ ಬಟ್ಟೆಯ ತುದಿಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ, ಗಂಟು ಹಾಕಲು ನಾನೇ ಅದನ್ನು ಅವಳ ಬೆರಳುಗಳಿಂದ ಎಳೆದುಕೊಳ್ಳಬೇಕಾಯಿತು.

ಸೋಮವಾರ ಆರಾಧ್ಯರು ಬಂದರು. ನೀರು ತುಂಬಿದ ಬೀಕರನ್ನು ಅವಳ ಕೈಗೆ ಕೊಟ್ಟು ಬೇಕಂತಲೇ ಕಾಡಿದರು. ಬರಿ ಎಂದರು, ಬಗ್ಗು ಎಂದರು, ಹಿಂದಿನಿಂದ ಜೋರಾಗಿ ಚಪ್ಪಾಳೆ ತಟ್ಟಿದರು. ಅವಳು ಬೀಕರು ಬಿಡಲಿಲ್ಲ. ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ತೆಗೆದಳು. "ಭೇಷ್ ಮೇಡಂ, ಭೇಷ್! ಏನ್ ಮಾಯ ಮಾಡಿದ್ರಿ?" ಎಂದು ಅವರು ನನ್ನ ಕಡೆ ತಿರುಗಿದರು. ಕಾಲಿನ ಬ್ಯಾಂಡೇಜು ನೋಡಿ ಏನಾಯಿತೆಂದು ಕೇಳಿದರು. ಬಿಸಿನೀರು ಬಿತ್ತು ಎಂದೆ.

ಬೀಕರನ್ನು ವಾಪಸು ಇಸಿದುಕೊಳ್ಳಲು ಮಾತ್ರ ಅವರು ಎರಡು ಸಲ ಎಳೆಯಬೇಕಾಯಿತು. ಅದನ್ನು ನಾನು ನೋಡಿದೆ, ನೋಡಿಯೂ ಸುಮ್ಮನಿದ್ದೆ.

ಮಂಗಳವಾರ ಸಂಜೆ ಕರಿಬಸಪ್ಪ ಮನೆಗೆ ಬಂದ. ಒಳಗೆ ಬನ್ನಿ ಎಂದರೂ ಬರದೆ ಬಾಗಿಲಲ್ಲೇ ನಿಂತ. "ಟೀಚರಮ್ಮ, ಮಗು ಊಟದ ತಟ್ಟೆ ಕೆಳಗಿಡಲ್ಲ. ಬಾಚಣಿಗೆ ಹಿಡಿದ್ರೆ ಬಾಚಣಿಗೆ, ಚೊಂಬು ಹಿಡಿದ್ರೆ ಚೊಂಬು. ನಿದ್ದೆ ಬಂದ್ಮೇಲೆ ನಾನೇ ಒಂದೊಂದ್ ಬೆರಳು ಬಿಡಿಸಿ ತೆಗೀತೀನಿ. ಏನಾಯ್ತು ಅಂದ್ರೆ ಬಾಯೇ ಬಿಡಲ್ಲ. ನೀವಾದ್ರೂ ಹೇಳಿ, ಏನಾಯ್ತು?"

ಹೇಳಬೇಕಿತ್ತು. ಆದರೆ ಪರೀಕ್ಷೆಗೆ ಒಂದೇ ದಿನ ಇತ್ತು, ಹೇಳಿದರೆ ಅವನು ಮಗಳನ್ನು ಕಳಿಸುವುದಿಲ್ಲ ಎಂಬ ದಿಗಿಲು. "ಪರೀಕ್ಷೆ ಭಯ ಅಷ್ಟೇ. ಎರಡು ದಿನ ತಡ್ಕೊಳ್ಳಿ, ಎಲ್ಲ ಸರಿಹೋಗುತ್ತೆ," ಎಂದು ರೇಗಿದ ಹಾಗೆ ಹೇಳಿ ಬಾಗಿಲು ಹಾಕಿಕೊಂಡೆ. ಹಾಕಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಗುರುವಾರ ಬೆಳಿಗ್ಗೆ ಇಪ್ಪತ್ತಮೂರು ಮಕ್ಕಳನ್ನು ಬಸ್ಸಿನಲ್ಲಿ ಕೇಂದ್ರಕ್ಕೆ ಕರೆದೊಯ್ದೆ. ಜೊತೆಗೆ ಬಂದ ಮೇಷ್ಟರುಗಳು ಪ್ರಯೋಗಶಾಲೆಯ ಒಳಗೆ ಹೋಗುವಂತಿಲ್ಲ. ನಾನು ಕುಂಟುತ್ತ ಹೋಗಿ ಹೊರಗಿನ ಕಿಟಕಿಯ ಸರಳು ಹಿಡಿದು ನಿಂತೆ. ಪ್ರಯೋಗ ಸುಲಭದ್ದೇ. ಫ್ಲಾಸ್ಕಿನಲ್ಲಿರುವ ಪ್ರತ್ಯಾಮ್ಲಕ್ಕೆ ಸೂಚಕ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಅದಕ್ಕೆ ಡ್ರಾಪರಿನಿಂದ ಆಮ್ಲವನ್ನು ಒಂದೊಂದೇ ಹನಿ ಬಿಡಬೇಕು. ಯಾವ ಹನಿಗೆ ಬಣ್ಣ ಪೂರ್ತಿ ಹೋಗುತ್ತದೋ ಅಲ್ಲಿಗೆ ನಿಲ್ಲಿಸಿ ಲೆಕ್ಕ ಬರೆಯಬೇಕು. ಪರೀಕ್ಷಕರು ವಯಸ್ಸಾದವರು, ದಪ್ಪ ಕನ್ನಡಕ, ಹೆಗಲ ಮೇಲೊಂದು ಟವೆಲು. ಮೇಜಿಂದ ಮೇಜಿಗೆ ನಿಧಾನವಾಗಿ ನಡೆಯುತ್ತಿದ್ದರು. ನಮ್ಮ ಮಕ್ಕಳು ಒಬ್ಬೊಬ್ಬರೂ ಮೇಜಿಗೆ ತಳ ಮುಟ್ಟಿಸಿ, ನೋಡಿ, ಬೆರಳು ತೆಗೆಯುತ್ತಿದ್ದರು. ನಾನು ಎಣಿಸುತ್ತಿದ್ದೆ. ಹತ್ತು ಮಕ್ಕಳು ಮುಗಿಸಿದರು. ಹದಿನಾರು. ಇಪ್ಪತ್ತೆರಡು.

ಭಾಗೀರಥಿ ಕಿಟಕಿಯ ಹತ್ತಿರದ ಮೇಜಿನಲ್ಲಿದ್ದಳು. ಎಡಗೈಯಲ್ಲಿ ಫ್ಲಾಸ್ಕಿನ ಕತ್ತು ಹಿಡಿದು ಬಲಗೈಯಿಂದ ಹನಿ ಬಿಟ್ಟಳು. ಹನ್ನೊಂದನೇ ಹನಿಗೆ ಗುಲಾಬಿ ಮಾಯವಾಯಿತು. ಮುಖ ಅರಳಿತು. ಲೆಕ್ಕ ಬರೆದಳು, ಸರಿಯಾಗಿಯೇ ಬರೆದಳು. ಅಷ್ಟು ಹೊತ್ತಿಗೆ ಡ್ರಾಪರೂ ಪೆನ್ನೂ ಎರಡೂ ಬಲಗೈಯಲ್ಲೇ ಇದ್ದವು. ಅವೆರಡನ್ನು ಹೇಗೋ ಮೇಜಿನ ಅಂಚಿಗೆ ಉಜ್ಜಿ ಉಜ್ಜಿ ಬೆರಳಿನಿಂದ ಬಿಡಿಸಿ ಇಟ್ಟಳು. ಫ್ಲಾಸ್ಕು ಮಾತ್ರ ಎಡಗೈಯಲ್ಲೇ ಉಳಿಯಿತು.

"ಮುಗೀತಲ್ಲಮ್ಮ, ಕೆಳಗಿಡು," ಎಂದರು ಪರೀಕ್ಷಕರು.

ಅವಳು ಫ್ಲಾಸ್ಕಿನ ತಳವನ್ನು ಮೇಜಿಗೆ ಮುಟ್ಟಿಸಿದಳು. ಬೆರಳು ಬಿಚ್ಚಲಿಲ್ಲ. ಇನ್ನೊಂದು ಸಲ ಎತ್ತಿ ಇಟ್ಟಳು. ಬಿಚ್ಚಲಿಲ್ಲ. ಬೆವರು ಅವಳ ಕಿವಿಯ ಪಕ್ಕದಿಂದ ಇಳಿಯುವುದು ನನಗೆ ಕಾಣುತ್ತಿತ್ತು. ಪರೀಕ್ಷಕರು ಫ್ಲಾಸ್ಕು ಹಿಡಿದು ಮೆಲ್ಲಗೆ ಎಳೆದರು. ಗಾಜು ಕಿರ್ರೆಂದಿತು. ತೆಳು ಗಾಜಿನ ಕತ್ತು, ಇನ್ನಷ್ಟು ಎಳೆದರೆ ಮುರಿಯುತ್ತದೆ. ಮುರಿದರೆ ಇಪ್ಪತ್ತಮೂರೂ ಮಕ್ಕಳದ್ದು ಹೋಯಿತು.

"ಎಳೀಬೇಡಿ ಸಾರ್!" ಎಂದು ನಾನು ಕಿಟಕಿಯಿಂದಲೇ ಕೂಗಿದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು, ಬಿಳಿಚಿಕೊಂಡಿದ್ದ ಆ ಬೆರಳುಗಳನ್ನು ನೋಡಿದರು. ನಾನು ಕೂಗಿದ್ದಕ್ಕೇ ಪರೀಕ್ಷೆ ರದ್ದು ಮಾಡಬಹುದಿತ್ತು. ಮಾಡಲಿಲ್ಲ. ಫ್ಲಾಸ್ಕು ಅವಳ ಕೈಯಲ್ಲಿದ್ದ ಹಾಗೇ ದ್ರಾವಣವನ್ನು ತೊಟ್ಟಿಗೆ ಚೆಲ್ಲಿಸಿ, ನೀರಿನಲ್ಲಿ ಎರಡು ಸಲ ಜಾಲಿಸಿ, ಟವೆಲಿನಿಂದ ಅದರ ತಳ ಒರೆಸಿದರು. ಆಮೇಲೆ ಕಿಟಕಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಹೆಣ್ಣುಮಗು ತುಂಬಾ ಹೆದರಿದೆ. ಹಿಂಗೇ ಕರ್ಕೊಂಡ್ ಹೋಗಿ. ನಾಳೆ ಹತ್ತು ಗಂಟೆಯೊಳಗೆ ನಮ್ ಫ್ಲಾಸ್ಕು ವಾಪಸ್ ಬಂದ್ರೆ ನಾನು ಏನೂ ಬರೆಯಲ್ಲ," ಎಂದರು. ನಾನು ಕೈ ಮುಗಿದೆ.

ಬಸ್ಸಿನಲ್ಲಿ ಉಳಿದ ಮಕ್ಕಳು ಗೆದ್ದ ಖುಷಿಯಲ್ಲಿ ಹಾಡು ಹೇಳುತ್ತಿದ್ದರು. ನಾನು ಭಾಗೀರಥಿಯ ಪಕ್ಕ ಕೂತಿದ್ದೆ. ನಿಜ ಹೇಳುತ್ತೇನೆ, ಫ್ಲಾಸ್ಕಿನ ಚಿಂತೆ ನನಗೆ ಆಗಲೇ ಹೋಗಿತ್ತು. ನಮ್ಮ ಬೀರುವಿನಲ್ಲಿ ಅಂಥವು ಹನ್ನೆರಡಿವೆ, ಗೆರೆ ಅಳಿಸದ ಒಂದನ್ನು ಆರಿಸಿ ಬೆಳಿಗ್ಗೆಯ ಬಸ್ಸಿಗೆ ಕಳಿಸಿದರೆ ಮುಗಿಯಿತು. ಫ್ಲಾಸ್ಕಿಗೆ ಬದಲಿ ಇತ್ತು, ಈ ಕೈಗೆ ಎಲ್ಲಿಂದ ತರಲಿ?

"ಸೇತುವೆ ದಾಟಿದ ಮೇಲೆ ತಾನಾಗಿ ಬಿಟ್ಟುಕೊಳ್ಳುತ್ತೆ, ನೋಡ್ತಿರು," ಎಂದೆ. ಅವಳು ತಲೆಯಾಡಿಸಿದಳು. ಬಸ್ಸು ಸೇತುವೆ ದಾಟಿತು. ಇಬ್ಬರೂ ಅವಳ ಕೈಯನ್ನೇ ನೋಡುತ್ತ ಕೂತಿದ್ದೆವು. ಏನೂ ಆಗಲಿಲ್ಲ.

ಬಸ್ಸು ನಿಂತಾಗ ಸಂಜೆ ನಾಲ್ಕೂವರೆ. ಕರಿಬಸಪ್ಪ ಅಂಗಡಿಯಿಂದ ಓಡಿಬಂದ. ಮಗಳ ಮುಖ ನೋಡಿ ನಗಲು ಹೊರಟವನು ಕೈ ನೋಡಿ ನಿಂತುಬಿಟ್ಟ. ಅಂಗಡಿಯಲ್ಲಿ ಆರೇಳು ಗಿರಾಕಿಗಳಿದ್ದರು, ಎಲ್ಲರೂ ಎದ್ದು ಬಂದರು. ಅವಳನ್ನು ಬೆಂಚಿನ ಹತ್ತಿರ ಕರೆದುಕೊಂಡು ಹೋದೆವು. ಕರಿಬಸಪ್ಪ ಬೆಚ್ಚಗಿನ ನೀರು ಹಾಕಿದ, ಕೊಬ್ಬರಿ ಎಣ್ಣೆ ಸವರಿದ. "ಬಿಡು ಮಗಾ, ನಮ್ಮೂರು ಬಂತು. ಇಲ್ಲಿ ಬಿಡುವೈತೆ, ಬೀಳಲ್ಲ, ಬಿಡು," ಎಂದು ಮಗುವಿಗೆ ಅನ್ನ ತಿನ್ನಿಸುವ ಹಾಗೆ ರಮಿಸಿದ. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು. ಏನು ನೋಡುತ್ತಿದ್ದಾಳೆಂದು ನನಗೆ ಆಗ ಹೊಳೆಯಲಿಲ್ಲ. ಅವಳಿಗೆ ಧೈರ್ಯ ಹೇಳಬೇಕೆಂದು ಇನ್ನೂ ಹತ್ತಿರ ಹೋಗಿ ಅವಳ ಮುಂದೆಯೇ ನಿಂತೆ.

"ಬಿಡು ಭಾಗಿ. ನಾನಿದ್ದೀನಿ," ಎಂದೆ.

ಕರಿಬಸಪ್ಪ ಎಣ್ಣೆ ಹಚ್ಚಿದ ಅವಳ ಕಿರುಬೆರಳನ್ನು ಬಿಡಿಸಿದ. ಉಂಗುರದ ಬೆರಳನ್ನು ಬಿಡಿಸಿದ. ನಡುಬೆರಳು ಬಂತು. ಫ್ಲಾಸ್ಕು ಅವಳ ಕೈಯಿಂದ ಕಳಚಿಕೊಂಡಿತು, ಗಾಳಿಯಲ್ಲಿ ನಿಂತಿತು.

ಒಂದು. ಸುತ್ತ ನಿಂತವರೆಲ್ಲ "ಅಬ್ಬಾ" ಎಂದು ಉಸಿರು ಬಿಟ್ಟರು. ಯಾರಿಗೂ ಅವಸರವಿರಲಿಲ್ಲ, ನಮ್ಮೂರಿನಲ್ಲಿ ಯಾರಿಗೂ ಇರುವುದಿಲ್ಲ. ಕರಿಬಸಪ್ಪ ಟವೆಲಿಗೆ ಕೈಯ ಎಣ್ಣೆ ಒರೆಸಿಕೊಂಡು ಹಿಡಿಯಲು ಕೈ ಚಾಚಿದ.

ಎರಡು. "ಮಿಸ್, ಕಾಲು!" ಎಂದು ಭಾಗೀರಥಿ ಕಿರುಚಿದಳು. ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಎರಡೂ ಕೈಯಿಂದ ನನ್ನ ಎದೆಗೆ ಗುದ್ದಿ ಹಿಂದಕ್ಕೆ ತಳ್ಳಿದಳು. ಅಪ್ಪನ ಚಾಚಿದ ಕೈಗೆ ಅವಳ ಹೆಗಲು ಬಡಿಯಿತು. ನಾನು ಗಿರಾಕಿಗಳ ಮೇಲೆ ಬಿದ್ದೆ, ಅವಳು ನನ್ನ ಮೇಲೆ ಬಿದ್ದಳು.

ಮೂರು.

ಫ್ಲಾಸ್ಕು ಕಲ್ಲುಚಪ್ಪಡಿಯ ಮೇಲೆ ಬಿದ್ದು ಚೂರುಚೂರಾಯಿತು. ಅಲ್ಲಿದ್ದವರಲ್ಲಿ ಅರ್ಧ ಜನ ಗಾಜು ಒಡೆಯುವ ಸದ್ದನ್ನೇ ಕೇಳಿರಲಿಲ್ಲ. ಮೂರೆಣಿಕೆಯಲ್ಲಿ ಐದು ಲೋಟ ಹಿಡಿಯುತ್ತಿದ್ದ ಹುಡುಗಿ, ಕೈಯಳತೆಯಲ್ಲಿದ್ದ ಒಂದು ಫ್ಲಾಸ್ಕು ಹಿಡಿಯಲಿಲ್ಲ.

ಅವಳು ತೆವಳಿಕೊಂಡು ಬಂದು ನನ್ನ ಬ್ಯಾಂಡೇಜು ಕಟ್ಟಿದ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ತಾಗ್ಲಿ‌ಲ್ಲ ತಾನೆ ಮಿಸ್? ಈ ಸಲ ತಾಗ್ಲಿಲ್ಲ ತಾನೆ?" ಎಂದು ಕೇಳುತ್ತ ಕೇಳುತ್ತ ಗಳಗಳ ಅತ್ತಳು. ಸುಂಕದ ಕಟ್ಟೆಯಲ್ಲಿ ಅಳದೆ ಇದ್ದದ್ದನ್ನೆಲ್ಲ ಆಗ ಅತ್ತಳು. ನಾನೂ ಅತ್ತೆ, ಊರವರ ಮುಂದೆ, ಮುಚ್ಚುಮರೆಯಿಲ್ಲದೆ. ಕರಿಬಸಪ್ಪ ನನ್ನ ಕಾಲನ್ನು ನೋಡಿದ, ಮಗಳನ್ನು ನೋಡಿದ. ಈ ಸಲ ಎಂಬ ಮಾತು ಅವನಿಗೂ ಕೇಳಿಸಿತ್ತು. ನಾನು ಅಲ್ಲಿಯೇ, ನೆಲದ ಮೇಲೆ ಕೂತೇ, ಭಾನುವಾರ ನಡೆದದ್ದನ್ನು ಒಂದೂ ಬಿಡದೆ ಅವನಿಗೆ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು.

ಅವನು ಪೊರಕೆ ತಂದು ಚೂರುಗಳನ್ನು ಗುಡಿಸಿದ. ಹೋಗಿ ಸ್ಟೌ ಮುಂದೆ ನಿಂತು ಟೀ ಸೋಸಿದ. ಗಿರಾಕಿಗಳು ಸದ್ದಿಲ್ಲದೆ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತರು. ಭಾಗೀರಥಿ ಕಣ್ಣೊರೆಸಿಕೊಂಡು ಎದ್ದಳು. ಅವಳ ಬೆರಳುಗಳು ಈಗ ಸಲೀಸಾಗಿ ಮಡಚುತ್ತಿದ್ದವು, ಬಿಚ್ಚುತ್ತಿದ್ದವು. ಅಪ್ಪನ ಹತ್ತಿರ ಹೋಗಿ ಒಂದು ಲೋಟ ತೆಗೆದುಕೊಂಡಳು. ಒಂದೇ ಒಂದು. ಅದನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಬಂದು, ಮೊದಲ ಗಿರಾಕಿಯ ಮುಂದಿನ ಬೆಂಚಿಗೆ ತಳ ಮುಟ್ಟಿಸಿದಳು. ಬಗ್ಗಿ ನೋಡಿದಳು. ಬೆರಳು ತೆಗೆದಳು. ಎರಡನೆಯ ಲೋಟಕ್ಕೆ ವಾಪಸು ಹೋದಳು. ಏಳು ಜನ ಕಾಯುತ್ತಿದ್ದರು, ಯಾರೂ ಬೇಗ ಕೊಡು ಎನ್ನಲಿಲ್ಲ.

ಕರಿಬಸಪ್ಪ ಸ್ಟೌ ಪಕ್ಕದಿಂದ ಅದನ್ನು ನೋಡುತ್ತಿದ್ದ. ನಾನು ಕುಂಟುತ್ತ ಹೋಗಿ ಅವನ ಹತ್ತಿರ ನಿಂತೆ.

"ಪರೀಕ್ಷೇಲಿ ಎಲ್ಲ ಸರಿಯಾಗಿ ಮಾಡಿದ್ಲಾ ಟೀಚರಮ್ಮ?" ಎಂದ, ನನ್ನ ಕಡೆ ತಿರುಗದೆ.

"ಮಾಡಿದ್ಲು. ಒಂದು ಹನಿ ಆಚೀಚೆ ಆಗಿಲ್ಲ."

"ಪೂರ್ತಿ ಮಾರ್ಕ್ಸ್ ಬರುತ್ತಾ?"

"ಬರುತ್ತೆ," ಎಂದೆ.

ಅವನು ಹೌದಾ ಎಂದು ತಲೆಯಾಡಿಸಿ ಮುಂದಿನ ಲೋಟಕ್ಕೆ ಟೀ ಸುರಿದ. ಮಗಳು ಬಂದು ಎರಡು ಕೈ ಚಾಚುವ ತನಕ ಹಿಡಿದುಕೊಂಡೇ ನಿಂತಿದ್ದ.